ಮೂರು ಕೆಂಪು ಗೆರೆ, ಒಂದು ಜೇನುಪೆಟ್ಟಿಗೆ

ಒಂದು ಕಡೆ ಜೇನುಹುಳ, ಇನ್ನೊಂದು ಕಡೆ ಜಮಖಂಡಿ ಸೀಮೆಯ ಮಂದಿ. ಈ ಇಬ್ಬರ ನಡುವೆ ನಿಯಮದ ಪುಸ್ತಕ ಹಿಡಿದು ನಿಂತವನಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿ ಜೇನು ಸಾಕಣೆಯ ನಿರೀಕ್ಷಕನಾಗಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಷ್ಟೂ ಕಡೆ ಸೇರಿ ಜೇನು ಸಾಕುವವರು ಹನ್ನೊಂದು ಮಂದಿ. ಪೆಟ್ಟಿಗೆ ಸರಕಾರದ್ದು, ಹುಳ ದೇವರದ್ದು, ಜವಾಬ್ದಾರಿ ನನ್ನದು. ವರ್ಷಕ್ಕೆ ಮೂರು ಸಲ ತಪಾಸಣೆ. ಹುಳ ಸೊರಗಿದ್ದು ಕಂಡರೆ ರಜಿಸ್ಟರಿನಲ್ಲಿ ಒಂದು ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಪೆಟ್ಟಿಗೆ ವಾಪಸ್ಸು. ನಾನು ಬೆಳಗಾವಿಯಲ್ಲಿ ಪಾದ್ರಿಗಳ ಕೈಯಲ್ಲಿ ಇಂಗ್ಲಿಷಿನಲ್ಲೇ ಕಲಿತು ಬಂದವನು. ನಿಯಮಕ್ಕೆ ವಿನಾಯಿತಿ ಎಂಬುದೊಂದು ಇರುತ್ತದೆ ಎಂದು ಆ ಶಾಲೆಯಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅದನ್ನು ಕಲಿಸಿದವರು ಈ ಹನ್ನೊಂದು ಮಂದಿ.

೧. ಹತ್ತು ಗಂಟೆಯ ಭಾಷಣ

ಬಂದ ಹೊಸದರಲ್ಲಿ ಎಲ್ಲರಿಗೂ ಕಾಗದ ಹಾಕಿದೆ: ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜಮಖಂಡಿಯ ಕಚೇರಿಯಲ್ಲಿ ಸಭೆ, ವಿಷಯ ಜೇನಿನ ಆರೋಗ್ಯ. ಆ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ರೈತರಿಗೆ ಬಿಡುವು ಇರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಹತ್ತು ಹೊಡೆಯಿತು. ಒಬ್ಬರೂ ಬರಲಿಲ್ಲ. ಕೋಣೆಯಲ್ಲಿ ನಾನು ಮತ್ತು ನಮ್ಮ ಸಿಪಾಯಿ. ಹತ್ತು ಎಂದು ಬರೆದ ಮೇಲೆ ಹತ್ತು. ನಾನು ಎದ್ದು ನಿಂತು ಭಾಷಣ ಶುರು ಮಾಡಿದೆ. ಸಿಪಾಯಿ ಒಮ್ಮೆ ಹಿಂದೆ ತಿರುಗಿ ಯಾರಿಗೆ ಹೇಳುತ್ತಿದ್ದೇನೆ ಎಂದು ನೋಡಿದ. ಯಾರೂ ಇಲ್ಲದ್ದು ಖಾತ್ರಿಯಾದ ಮೇಲೆ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಐವತ್ತು ನಿಮಿಷ ಅಲುಗದೆ ಕುಳಿತ.

ಹನ್ನೆರಡಕ್ಕೆ ಮಂದಿ ಬಂದರು. ಮುಧೋಳದ ಬಸ್ಸು ತಡವಾಗಿತ್ತು, ಬೀಳಗಿಯದು ಬಂದೇ ಇರಲಿಲ್ಲ, ಯಾವುದೋ ಲಾರಿ ಹತ್ತಿ ಬಂದಿದ್ದರು.

"ಭಾಷಣ ಆಗಿದೆ," ಎಂದೆ. "ಆದದ್ದು ಮತ್ತೊಮ್ಮೆ ಆಗುವುದಿಲ್ಲ."

"ಅಲ್ರಿ ಸಾಹೇಬ್ರ," ಎಂದ ಮುಧೋಳದ ರೈತ, "ಬಸ್ಸು ನಿಂತ್ರ ನಾವ್ ಇಳದು ಹೊತ್ಕೊಂಡ್ ಬರೂನೇನ್ರಿ?"

ನಾನು ಒಳಗೆ ಹೋಗಿ ಬರೆಯಲು ಕುಳಿತೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸಿಪಾಯಿಯ ದನಿ ಕೇಳಿಸಿತು.

"ನೋಡ್ರಿಪಾ, ಹೇಳಿದ್ದು ಇಷ್ಟ. ದಿನಾ ಮುಂಜಾನೆ ಪೆಟಗಿ ಬಾಗಲದಾಗ ಕುಂತು ನೋಡ್ರಿ. ಹುಳಾ ಕಾಲಿಗೆ ಹಳದಿ ಹಿಟ್ಟು ಹಚ್ಕೊಂಡ್ ಬಂದ್ರ ಒಳಗ ಮಕ್ಳು ಅದಾವು, ಮನಿ ಛಲೋ ನಡದೈತಿ. ಖಾಲಿ ಕಾಲಿಲೆ ಬರಾಕತ್ತಿದ್ರ ಒಳಗ ಏನೋ ಕೆಟ್ಟೈತಿ. ಇನ್ನ, ಮನಸ್ಸಿಗಿ ಬಂದಾಗೆಲ್ಲಾ ಮುಚ್ಚಳಾ ತಗೀಬ್ಯಾಡ್ರಿ. ನಿಮ್ಮ ಮನಿ ಮಾಳಗಿ ಯಾರರೆ ದಿನಾ ಎತ್ತಿ ನೋಡಿದ್ರ ನೀವ್ ಇರ್ತೀರೇನ ಆ ಮನ್ಯಾಗ?"

ನನ್ನ ಐವತ್ತು ನಿಮಿಷ ಅಲ್ಲಿ ಐದು ನಿಮಿಷಕ್ಕೆ ಮುಗಿಯಿತು. ತಪ್ಪು ಹಿಡಿಯಲೆಂದೇ ಕಿವಿಗೊಟ್ಟಿದ್ದೆ. ಒಂದೂ ಸಿಗಲಿಲ್ಲ. ಅವನನ್ನು ಮೆಚ್ಚಿ ಒಂದು ಮಾತು ಹೇಳೋಣವೆಂದು ಹೊರಗೆ ಬಂದೆ. ನನ್ನನ್ನು ಮೊದಲು ಕಂಡಿರದ ಬೀಳಗಿಯ ಮುದುಕರೊಬ್ಬರು ಅಷ್ಟೊತ್ತಿಗೆ ಸಿಪಾಯಿಗೆ ಕೈ ಮುಗಿದು, "ಭಾಳ ಛಲೋ ತಿಳಿಸಿ ಹೇಳಿದ್ರಿ ಸಾಹೇಬ್ರ," ಎನ್ನುತ್ತಿದ್ದರು. ನನ್ನ ಕಡೆ ತಿರುಗಿ, "ತಮ್ಮಾ, ಸಾಹೇಬ್ರು ಮಾತಾಡಿ ದಣದಾರ. ಲಗೂನ ಒಂದ್ ಚಾ ತಗೊಂಡ್ ಬಾ," ಎಂದರು.

ಹೋಗಿ ತಂದೆ.

೨. ನೂಲಿನ ಮೇಲಿನ ಚುಕ್ಕೆ

ಹನ್ನೊಂದು ಮಂದಿಯಲ್ಲಿ ಒಬ್ಬಳೇ ಹೆಂಗಸು. ಬನಹಟ್ಟಿಯ ನೇಕಾರರ ಮನೆಯವಳು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಪ್ರತಿ ಪೆಟ್ಟಿಗೆಯ ಮೇಲೂ ಪಡೆದವರ ಹೆಸರು ಬರೆಯಿಸಬೇಕೆಂಬುದು ನನ್ನದೇ ನಿಯಮ. ಅವಳ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದಾಗ ಅವಳು ಓದಲಾರದ ಆ ಅಕ್ಷರಗಳ ಹತ್ತಿರ ಬೆರಳು ಒಯ್ದು, "ಎಲ್ಲಿಂದ ಎಲ್ಲೀತನಕ ಐತ್ರಿ ನನ್ನ ಹೆಸರು?" ಎಂದು ಕೇಳಿದ್ದಳು. ತೋರಿಸಿದೆ.

"ಮನಿ ಮಾವಾರ ಹೆಸರಿನ್ಯಾಗ ಐತಿ. ಮಗ್ಗ ಇವ್ರ ಹೆಸರಿನ್ಯಾಗ. ರೇಶನ್ ಕಾರ್ಡಿನ್ಯಾಗ ನಾ ಮೂರನೇದಾಕಿ. ಇದೊಂದ ನೋಡ್ರಿ, ನನ್ನದಂತ ಬರದದ್ದು."

ಶ್ರಾವಣದಲ್ಲಿ ಮೊದಲ ತಪಾಸಣೆಗೆ ಹೋದಾಗ ಅವಳ ಬಾಗಿಲಲ್ಲೇ ಪಕ್ಕದ ಮನೆಯ ನೇಕಾರ ಎರಡು ಬಿಳಿ ನೂಲಿನ ಲಡಿ ಹಿಡಿದು ನಿಂತಿದ್ದ. "ನೋಡ್ರಿ ಸಾಹೇಬ್ರ! ತೊಳದು ಒಣಾಕ ಹಾಕಿದ್ ನೂಲು. ನಿಮ್ಮ ಸರಕಾರಿ ಹುಳಾ ಇದರ ಮ್ಯಾಲೆ ಏನ್ ಮಾಡ್ಯಾವ ಕೇಳ್ರಿ ಅವಕ್ಕ!"

ನೂಲಿನ ಮೇಲೆ ಹಳದಿ ಚುಕ್ಕೆಗಳು. ಅವೇನೆಂದು ನನಗೆ ಗೊತ್ತು. ಬಾಗಿಲಿಗೆ ಬಂದ ಅಕ್ಕನ ಎದುರು ಅದನ್ನು ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ.

"ಇದು ಕೀಟದ ದೈಹಿಕ ವಿಸರ್ಜನೆ," ಎಂದೆ.

ನೇಕಾರ ನನ್ನ ಬಾಯಿ ನೋಡಿದ.

"ಹೇತಾವ ಅನ್ನಾಕ ಇಷ್ಟ್ ಊರ ಸುತ್ತಿ ಬರಬೇಕೇನ್ರಿ ಸಾಹೇಬ್ರ?" ಎಂದಳು ಅಕ್ಕ. ಅಷ್ಟರಲ್ಲೇ ಅವಳ ಕಣ್ಣು ಲಡಿಯ ಮೇಲೆ ನಿಂತಿತು. ಎರಡನ್ನೂ ಕಸಿದುಕೊಂಡು ಬಿಸಿಲಿಗೆ ಹಿಡಿದಳು. "ಇದು ಮೊನ್ನೇದು. ಸಣ್ಣ ಸಣ್ಣ ಗೆರಿ, ಹಳದಿ. ಇದು ಇವತ್ತಿಂದು. ಕಂದು ಆಗೈತಿ, ನೀರ್ ನೀರ್ ಆಗಿ ಹಬ್ಬೈತಿ. ಸಾಹೇಬ್ರ, ನನ್ನ ಹುಳದ ಹೊಟ್ಟಿ ಕೆಟ್ಟೈತ್ರಿ."

ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಸೂಕ್ಷ್ಮದರ್ಶಕ ಬೇಕೆಂದಿತ್ತು. "ನಿಮಗೆ ಇದು ಹೇಗೆ ಗೊತ್ತು?" ಎಂದೆ.

"ಕೂಸಿನ ಲಂಗೋಟಿ ನೋಡಿದ್ರ ತಾಯಿಗಿ ತಿಳಿಯೂದಿಲ್ಲೇನ್ರಿ?"

ಪೆಟ್ಟಿಗೆ ತೆರೆದೆ. ಅವಳು ಹೇಳಿದ್ದೇ ಸರಿ. ಹೂವಿಲ್ಲದ ದಿನಗಳಲ್ಲಿ ಹುಳಕ್ಕೆ ಸಕ್ಕರೆ ಪಾನಕ ಇಡಿ ಎಂದಿದ್ದೆ. ಅವಳು ಬೆಲ್ಲದ ನೀರು ಇಟ್ಟಿದ್ದಳು. "ಹುಳಾ ನಮ್ಮೂರವ. ನಮ್ಮೂರ ಬೆಲ್ಲ ಬಿಟ್ಟು ಸಕ್ಕರಿ ಯಾಕ ಕುಡೀತಾವ ಅಂದ್ಕೊಂಡ್ನಿರಿ." ಬೆಲ್ಲ ಜೇನಿನ ಹೊಟ್ಟೆಗೆ ಆಗಿಬರುವುದಿಲ್ಲ ಎಂದು ತಿಳಿಸಿದೆ, ಮೊದಲ ಕೆಂಪು ಗೆರೆ ಎಳೆದೆ. ಅವಳು ಗೆರೆಯನ್ನು ನೋಡಿದಳು. ಆಮೇಲೆ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿದಳು.

ಮುಂದಿನ ಸೋಮವಾರದ ಹೊತ್ತಿಗೆ ಹನ್ನೊಂದೂ ಮಂದಿಯ ಪೆಟ್ಟಿಗೆಯ ಮುಂದೆ ಒಂದೊಂದು ಬಿಳಿ ಬಟ್ಟೆಯ ತುಂಡು ಹಾಸಿತ್ತು, ಹುಳದ ಹೊಟ್ಟೆಯ ಸುದ್ದಿ ದಿನಾ ಓದಲು. ನಾನು ಅದನ್ನು 'ಬನಹಟ್ಟಿ ಪದ್ಧತಿ' ಎಂದು ವರದಿಯಲ್ಲಿ ಬರೆದೆ. ಪುಸ್ತಕ ಬರೆದವರಿಗೆ ಇದು ಹೊಳೆದಿರಲಿಲ್ಲ.

ಬೆಲ್ಲದ ಸುದ್ದಿ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಬನಹಟ್ಟಿಯ ಹೊರಗೆ ಕಬ್ಬಿನ ಹೊಲದಲ್ಲಿ ಗಾಣ ಇಟ್ಟ ಸಾವಕಾರರ ಬೆಲ್ಲ ಅದು. ಮಹಾಲಿಂಗಪುರದ ಪೇಟೆಯಲ್ಲಿ ಅವರ ಬೆಲ್ಲಕ್ಕೆ ಹೆಸರಿತ್ತು. ಸಾವಕಾರರು ಒಂದು ಸಣ್ಣ ಪೆಂಟಿ ಬೆಲ್ಲ ಬಗಲಲ್ಲಿಟ್ಟುಕೊಂಡು ನನ್ನ ಕಚೇರಿಗೇ ಬಂದರು.

"ನಮ್ಮ ಅಜ್ಜನ ಕಾಲದಿಂದ ನಮ್ಮ ಬೆಲ್ಲಾ ತಿಂದು ಒಬ್ಬರ ಹೊಟ್ಟೀನೂ ಕೆಟ್ಟಿಲ್ಲ! ನೋಡ್ರಿಲ್ಲೆ!" ಎಂದು ನನ್ನ ಮೇಜಿನ ಮುಂದೆ ಕುಳಿತು ಒಡೆದೊಡೆದು ತಿಂದರು. ಅರ್ಧ ಪೆಂಟಿ ಮುಗಿಯಿತು. ಮನುಷ್ಯನ ಹೊಟ್ಟೆ ಬೇರೆ, ಹುಳದ್ದು ಬೇರೆ ಎಂದು ನಾನು ಹೇಳುತ್ತಲೇ ಇದ್ದೆ. "ನಾಳಿ ಮುಂಜಾನಿ ಹತ್ತಕ್ಕ ಬರ್ತೇನಿ. ನನ್ನ ಹೊಟ್ಟಿ ಹೆಂಗೈತಿ ನೀವ ಬರಕೋರಿ," ಎಂದು ಎದ್ದರು.

ಮರುದಿನ ಹತ್ತಕ್ಕೆ ರಜಿಸ್ಟರು ತೆರೆದು ಕಾದೆ. ಹನ್ನೊಂದಕ್ಕೆ ಅವರ ಆಳು ಬಂದು ಬಾಗಿಲಲ್ಲೇ ನಿಂತು ಹೇಳಿದ: "ಸಾವಕಾರ್ರು ಇವತ್ತ ಮನಿ ಬಿಟ್ಟು ದೂರ ಹೋಗುವಂಗಿಲ್ಲಂತ್ರಿ."

೩. ನಾಲ್ಕನೇ ನಿಯಮ

ಸೋಮವಾರಕ್ಕೊಬ್ಬರ ಪೆಟ್ಟಿಗೆಯನ್ನು ಎಲ್ಲರೂ ಹೋಗಿ ನೋಡಬೇಕು, ಕಲಿಯುವುದು ಅಲ್ಲೇ ಆಗಬೇಕು ಎಂಬುದು ಸಿಪಾಯಿಯ ಸಲಹೆ. ಒಪ್ಪಿದೆ. ಹೊರಡುವ ಮೊದಲು ಎಲ್ಲರ ಬಾಯಿಂದಲೂ ನಿಯಮ ಹೇಳಿಸುತ್ತಿದ್ದೆ. ನಾಲ್ಕನೆಯದು ಮುಖ್ಯ: ಹುಳ ಎದ್ದರೆ ಓಡಬಾರದು, ಇದ್ದಲ್ಲೇ ಕಂಬದ ಹಾಗೆ ನಿಲ್ಲಬೇಕು.

ಆ ಸೋಮವಾರ ಮುಧೋಳದ ರೈತನ ಹೊಲ. ಅವನದೊಂದು ಮುಧೋಳ ನಾಯಿ ಇತ್ತು. ಉದ್ದ ಕಾಲು, ಒಳಗೆ ಸೇದಿದ ಹೊಟ್ಟೆ. "ನಾಕು ಊರಾಗ ಇದರ ಮುಂದ ಓಡಿದ್ದು ಯಾವುದೂ ಇಲ್ರಿ," ಎಂದು ಅವನು ಹೇಳುತ್ತಿರುವಾಗಲೇ ನಾಯಿ ಹೋಗಿ ಪೆಟ್ಟಿಗೆಯ ಬಾಗಿಲಿಗೆ ಮೂಗಿಟ್ಟಿತು. ಒಂದು ಹುಳ ಮೂಗಿಗೆ ಕಚ್ಚಿತು. ನಾಯಿ ಗಿರ್ರನೆ ತಿರುಗಿತು, ಅದರ ಸೊಂಟ ಬಡಿದು ಪೆಟ್ಟಿಗೆಯ ಮುಚ್ಚಳ ಜಾರಿತು, ಹುಳ ಎದ್ದವು.

ನನ್ನ ಶಿಷ್ಯರ ಬಗ್ಗೆ ಹೇಳಲೇಬೇಕು. ಹತ್ತು ಮಂದಿ ಕಣ್ಣು ಮುಚ್ಚಿ, ಕೈ ಕಟ್ಟಿ, ಇದ್ದಲ್ಲೇ ನಿಂತರು. ಅಕ್ಕನಂತೂ ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಮುಚ್ಚಳ ಎತ್ತಿ ಮೊದಲಿನಂತೆ ಇಟ್ಟಳು. ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ಹೊತ್ತಿಗೆ ನಾನು ರಸ್ತೆಯ ಮೇಲಿದ್ದೆ. ಹೇಗೆ ಬಂದೆ ಗೊತ್ತಿಲ್ಲ. ಇಲಾಖೆ ಕೊಟ್ಟ ಬಲೆಯ ಟೊಪ್ಪಿಗೆ, ಸವೆಯಬಾರದೆಂದು ಕೈಚೀಲದಲ್ಲೇ ಇಟ್ಟಿದ್ದೆ. ಚೀಲ ಹೊಲದಲ್ಲೇ ಉಳಿದಿತ್ತು.

ಸ್ವಲ್ಪ ಹೊತ್ತಿನ ಮೇಲೆ ರೈತ ಚೀಲ ತಂದುಕೊಟ್ಟ. ನಾನು ನಾಲ್ಕನೇ ನಿಯಮದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ.

"ಇರ್ಲಿ ತಗೋರಿ ಸಾಹೇಬ್ರ," ಎಂದ ಅವನು, ನನ್ನ ಹಿಂದೆ ತೇಕುತ್ತ ನಿಂತ ನಾಯಿಯ ತಲೆ ಸವರುತ್ತ. "ಹುಟ್ಟಿದಾಗಿಂದ ಇದು ಎರಡನೇ ನಂಬರ ಬಂದದ್ದು ಇವತ್ತ ಮೊದಲ."

೪. ಬಿಳಿ ಅಂಗಿ

ಸಂಕ್ರಾಂತಿಯ ಹೊತ್ತಿಗೆ ಎರಡನೇ ತಪಾಸಣೆ. ಈಗ ಟೊಪ್ಪಿಗೆ ನನ್ನ ತಲೆಯ ಮೇಲೇ ಇತ್ತು. ಅಕ್ಕನ ಪೆಟ್ಟಿಗೆಯಲ್ಲಿ ಹುಳ ಅರ್ಧಕ್ಕೆ ಇಳಿದಿದ್ದವು. ಎರಡನೇ ಕೆಂಪು ಗೆರೆ.

"ಬ್ಯಾನಿ ಬಿದ್ದು ಸತ್ತಿಲ್ರಿ. ಬಿಳೀ ಬಟ್ಟಿ ನೋಡ್ರಿ, ಹೊಟ್ಟಿ ಛಲೋ ಐತಿ," ಎಂದಳು ಅಕ್ಕ. "ಗಾಣ ಶುರು ಆಗೈತಲ್ರಿ. ಕಬ್ಬಿನ ಹಾಲಿನ ವಾಸನಿಗೆ ಹೋಗ್ತಾವು, ಅಲ್ಲೇ ಬಿದ್ದು ಸಾಯಾಕತ್ತಾವ."

ಅವಳನ್ನು ಕರೆದುಕೊಂಡೇ ಗಾಣಕ್ಕೆ ಹೋದೆ. ಕಬ್ಬಿನ ಹಾಲಿನ ಪೀಪಾಯಿಗಳಲ್ಲಿ, ತೆಗೆದು ಹಾಕಿದ ನೊರೆಯಲ್ಲಿ ಹುಳಗಳು ಬಿದ್ದಿದ್ದವು. ಹೊಟ್ಟೆ ಸುಧಾರಿಸಿಕೊಂಡಿದ್ದ ಸಾವಕಾರರು ಬೆಲ್ಲದ ಮಾತನ್ನು ಮರೆತಿರಲಿಲ್ಲ.

"ಊರಾನ ಹುಳಾ ಎಲ್ಲಾ ನನ್ನ ಗಾಣಕ್ಕ ಬರ್ತಾವ. ಇವು ಈ ಅಕ್ಕಾನ ಪೆಟಗೀವು ಅನ್ನಾಕ ಪುರಾವೆ ಏನೈತಿ?"

ಕೇಳಿದ್ದು ನ್ಯಾಯವಾಗಿತ್ತು. ಹಾಗೆಂದು ಹೇಳಿದೆ ಕೂಡ. ಮನೆ ಮುಟ್ಟಿದ ಮೇಲೆ ಅಕ್ಕ, "ಸಾಹೇಬ್ರ, ನೀವು ಯಾರ ಕಡಿಯವ್ರಿ?" ಎಂದಳು.

"ಪುರಾವೆಯ ಕಡೆಯವನು."

"ಹಂಗಾರ ಸೋಮವಾರ ಮುಂಜಾನಿ ಗಾಣಕ್ಕ ಬಂದು ನಿಂದರ್ರಿ."

ಹೋಗಿ ನಿಂತೆ. ಸಾವಕಾರರೂ ಕುತೂಹಲಕ್ಕೆ ನಿಂತಿದ್ದರು. ಮಬ್ಬು ಹರಿದು ಬಿಸಿಲು ಏರುತ್ತಿದ್ದಂತೆ ಪೀಪಾಯಿಯ ಹತ್ತಿರ ಇದ್ದ ಆಳು ಕೂಗಿದ: "ಸಾವಕಾರ್ರ, ಲಗೂ ಬರ್ರಿ! ಸಾಹೇಬ್ರ ಹುಳಾ ಬಂದಾವು! ಬಿಳೀ ಅಂಗಿ ಹಾಕ್ಕೊಂಡ್ ಬಂದಾವು!"

ಅತ್ತ ಬನಹಟ್ಟಿಯಲ್ಲಿ ಅಕ್ಕನ ಗಂಡ ಜರಡಿ ಹಿಡಿದು, ಪೆಟ್ಟಿಗೆಯಿಂದ ಹೊರಡುವ ಪ್ರತಿ ಹುಳದ ಮೇಲೂ ಜೋಳದ ಹಿಟ್ಟು ಉದುರಿಸುತ್ತಿದ್ದ. ಸಾವಕಾರರು ಹುಳ ನೋಡಿದರು, ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿ ನೋಡಿದರು. "ಖರೇನ ನಿಮ್ಮ ಮಂದೀನ್ರಿ," ಎಂದರು.

ಅಷ್ಟರಲ್ಲಿ ಒಂದು ಬಿಳಿ ಹುಳ ಪೀಪಾಯಿಗೆ ಬಿತ್ತು. ಸಾವಕಾರರು ತಾವೇ ಬಗ್ಗಿ ಬೆರಳಿಂದ ಅದನ್ನೆತ್ತಿ ಅಂಗೈ ಮೇಲೆ ಬಿಟ್ಟುಕೊಂಡರು. ಅದು ರೆಕ್ಕೆ ಒರೆಸಿಕೊಂಡು ಹಾರುವವರೆಗೂ ಅವರು ಕೈ ಅಲುಗಿಸಲಿಲ್ಲ. ಆಮೇಲೆ ಆಳಿಗೆ, "ಪೀಪಾಯಿ ಮುಚ್ಚಾಕ ಬಟ್ಟಿ ಬೇಕು, ಎಲ್ಲಿ ಸಿಗತೈತಿ ನೋಡಲೇ," ಎಂದರು.

ಬಟ್ಟೆಯನ್ನು ಕೊಟ್ಟವನು ಅಕ್ಕನ ಪಕ್ಕದ ಮನೆಯ ನೇಕಾರ. ಅದೇ ಲಡಿಯವನು. ಮಗ್ಗದಿಂದ ಇಳಿಸಿದ ಒಂದು ತೆಳುವಾದ ಥಾನು ಹೊತ್ತು ತಂದು ಹಾಕಿದ. ನಿಮ್ಮದು ದೊಡ್ಡ ಮನಸ್ಸು ಎಂದು ಅವನನ್ನು ಹೊಗಳಲು ಹೊರಟೆ.

"ಹೊಗಳಬ್ಯಾಡ್ರಿ ಸಾಹೇಬ್ರ," ಎಂದ. "ಆ ನೂಲಿಂದ ನೇಯ್ದದ್ದು. ಹೆಂಗೂ ಅದರ ಮ್ಯಾಲೆ ಅವ ಹೇತಾವ, ಅವ ಉಪಯೋಗ ಮಾಡ್ಕೊಳ್ಳಿ."

೫. ಸರಕಾರಿ ಟೊಪ್ಪಿಗೆ

ಯುಗಾದಿ ಕಳೆದ ಮೇಲೆ ಮೂರನೇ ತಪಾಸಣೆ. ಸೋಮವಾರ, ಹತ್ತು ಗಂಟೆಗೆ. ಸಿಪಾಯಿಯ ಜೊತೆ ಒಂಬತ್ತೂವರೆಗೇ ಬನಹಟ್ಟಿ ಮುಟ್ಟಿದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ಉಳಿದ ಹತ್ತೂ ಮಂದಿ ಕುಳಿತಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ.

ಮುಧೋಳದ ರೈತನ ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಒಂದು ಚೌಕಟ್ಟು. ಅವನ ಪೆಟ್ಟಿಗೆಯದೇ, ಮರಿಹುಳ ತುಂಬಿದ ಮೇಣದ ಎರಿ ಕಟ್ಟಿದ್ದು. ಬಸ್ಸಿನಲ್ಲಿ ಕಂಡಕ್ಟರು ಅದೇನೆಂದು ಕೇಳಿದಾಗ, "ಕೂಸು ರೀ, ಎಬ್ಬಸಬ್ಯಾಡ್ರಿ," ಎಂದಿದ್ದನಂತೆ. ಬೀಳಗಿಯ ಮುದುಕರು ಜೇನುತುಪ್ಪ ತುಂಬಿದ ಇನ್ನೊಂದು ಚೌಕಟ್ಟು ತಂದಿದ್ದರು.

"ಬ್ಯಾಸಗ್ಯಾಗ ಅಕ್ಕನ ಹುಳಾ ಕಮ್ಮಿ ಆಗಿರ್ತಾವು. ಇವ್ನ ಒಳಗ ಇಟ್ರ ಚೇತರಸ್ಕೋತಾವು," ಎಂದರು ಮುದುಕರು.

"ತಪಾಸಣೆ ಆದ ಮೇಲೆ ಇಡಿ," ಎಂದೆ. "ಮೊದಲು ಇಟ್ಟರೆ ಅದು ಮೋಸ."

ಚೌಕಟ್ಟುಗಳನ್ನು ತೊಡೆಯ ಮೇಲೇ ಇಟ್ಟುಕೊಂಡು ಕುಳಿತರು. ಎದುರಾಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಕ್ಕ ಚಹಾ ತಂದಳು. ಬಲೆಯೊಳಗಿಂದ ಚಹಾ ಕುಡಿಯಲಾಗದು. ಟೊಪ್ಪಿಗೆಯನ್ನು ಹಿತ್ತಲಿನ ಬೇವಿನ ಗಿಡದ ಕೊಂಬೆಗೆ ಸಿಕ್ಕಿಸಿ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗೆ ಅವಳ ಗಂಡನ ಮಗ್ಗ ಖಟಾಖಟ್ ನಡೆದಿತ್ತು. ಹಿತ್ತಲಲ್ಲಿ ಏನೇ ಸದ್ದಾದರೂ ಕೇಳುವಂತಿರಲಿಲ್ಲ.

ಸರಿಯಾಗಿ ಹತ್ತಕ್ಕೆ ಎಲ್ಲರೂ ಹಿತ್ತಲಿಗೆ ಹೋದೆವು. ಮುಚ್ಚಳ ತೆಗೆದೆ. ಎರಿಯ ಮೂಲೆಯಲ್ಲಿ ಮೇಣ ತಿನ್ನುವ ಹುಳದ ಬಲೆ. ದಿಕ್ಕು ತಪ್ಪಿದ ಐದಾರು ಜೇನುಹುಳ. ಉಳಿದಂತೆ ಪೆಟ್ಟಿಗೆ ಖಾಲಿ.

ಮಗ್ಗ ನಿಂತಿತು. ನಾನು ರಜಿಸ್ಟರು ತೆರೆದು 'ಕುಟುಂಬ ಇಲ್ಲ' ಎಂದು ಬರೆದೆ, ಮೂರನೇ ಗೆರೆ ಎಳೆದೆ.

ಅಕ್ಕ ಅಳಲಿಲ್ಲ. ಸೆರಗಿನಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು. "ಹೆಸರು ಅಳಿಸಿ ಒಯ್ತೀರೋ, ಹಂಗ ಒಯ್ತೀರೋ?" ಎಂದಳು.

ಮುಖ ಮರೆಸಿಕೊಳ್ಳಲಿಕ್ಕಾದರೂ ಆದೀತೆಂದು ಟೊಪ್ಪಿಗೆಗೆ ಕೈ ಚಾಚಿದೆ.

"ಸಾಹೇಬ್ರ! ಕೈ ತಗೀರಿ!" ಎಂದು ಸಿಪಾಯಿ ಚೀರಿದ.

ಟೊಪ್ಪಿಗೆಯೊಳಗೆ ಇಡೀ ಕುಟುಂಬ ಕುಳಿತಿತ್ತು. ಒಳಗೆ ಹಿಡಿಸದವು ಬಲೆಗೆ ಜೋತುಬಿದ್ದಿದ್ದವು. ನಾವು ಚಹಾ 'ಸರ್ರ್' ಎನ್ನಿಸುವ ಹೊತ್ತಿನಲ್ಲಿ ಹುಳ ಕೆಟ್ಟ ಮನೆ ಬಿಟ್ಟು ಹೊರಬಿದ್ದಿದ್ದವು, ಮೊದಲು ಸಿಕ್ಕ ನೆರಳಲ್ಲಿ ಇಳಿದಿದ್ದವು.

ಅಕ್ಕ ಟೊಪ್ಪಿಗೆ ನೋಡಿದಳು, ಖಾಲಿ ಪೆಟ್ಟಿಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸಾಹೇಬ್ರ, ಟೊಪಗಿ ಯಾರದ್ರಿ?"

"ಸರಕಾರದ್ದು."

"ಪೆಟಗಿ?"

"ಅದೂ ಸರಕಾರದ್ದೇ."

"ಹಂಗಾರ ಹುಳಾ ಎಲ್ಲಿ ಹೋದವ್ರಿ? ಅಡಗಿಮನ್ಯಾಗ ಸೆಕಿ ಆತಂತ ಪಡಸಾಲ್ಯಾಗ ಬಂದು ಕುಂತ್ರ ಸಂಸಾರ ಮನಿ ಬಿಟ್ಟು ಹೋತು ಅಂತ ಬರೀತೀರೇನ?"

ಸಿಪಾಯಿ ಆಗಲೇ ನಿಯಮದ ಪುಸ್ತಕ ತೆರೆದಿದ್ದ. "'ಇಲಾಖೆಯು ಒದಗಿಸಿದ ಸಾಮಗ್ರಿಯಲ್ಲಿ ಜೀವಂತ ಕುಟುಂಬ ಇರತಕ್ಕದ್ದು.' ಪೆಟಗ್ಯಾಗ ಅಂತ ಎಲ್ಲೂ ಬರದಿಲ್ರಿ ಸಾಹೇಬ್ರ. ಟೊಪಗಿ ಮ್ಯಾಲೆ ಇಲಾಖೆ ನಂಬರೂ ಐತಿ, ಬೇಕಾರ ಹುಳಾ ಸರಿಸಿ ನೋಡ್ರಿ."

ಅಲ್ಲಿಯವರೆಗಿನ ನೌಕರಿಯಲ್ಲಿ ಬರೆದದ್ದನ್ನು ನಾನು ಹೊಡೆದುಹಾಕಿದವನಲ್ಲ. ಅಂದು ಹೊಡೆದುಹಾಕಿದೆ. 'ಕುಟುಂಬ ಇದೆ' ಎಂದು ಬರೆದು ಸಹಿ ಮಾಡಿದೆ.

ಆಮೇಲಿನದೆಲ್ಲ ಅವರ ಕೆಲಸ. ಕೆಟ್ಟ ಎರಿ ಕಿತ್ತು, ಪೆಟ್ಟಿಗೆ ಕೆರೆದು, ಬಿಸಿಲು ಕಾಣಿಸಿದರು. ಮುಧೋಳದ ಮರಿಹುಳದ ಚೌಕಟ್ಟು, ಬೀಳಗಿಯ ತುಪ್ಪದ ಚೌಕಟ್ಟು ಒಳಗೆ ಕುಳಿತವು. ಮರಿ ಇದ್ದಲ್ಲಿ ಹುಳ ನಿಲ್ಲುತ್ತವೆ ಎಂಬುದು ನನ್ನ ಪುಸ್ತಕದಲ್ಲೂ ಇತ್ತು, ಆದರೆ ಪುಸ್ತಕ ಬಸ್ಸು ಹತ್ತಿ ಮರಿ ತರುವುದಿಲ್ಲ. ಟೊಪ್ಪಿಗೆಯನ್ನು ಪೆಟ್ಟಿಗೆಯ ಮೇಲೆ ಬೋರಲು ಹಾಕಿದರು. ರಾಣಿ ಇಳಿದಳು, ಹಿಂದೆ ಮಂದಿ ಇಳಿಯಿತು. ಕೆಲವು ಟೊಪ್ಪಿಗೆ ಬಿಡಲೊಲ್ಲವು. ಅದನ್ನು ಅಲ್ಲೇ ಬಿಟ್ಟು, ಏಪ್ರಿಲ್ ಬಿಸಿಲಲ್ಲಿ ಬರಿತಲೆಯಲ್ಲಿ ಜಮಖಂಡಿಗೆ ಬಂದೆ.

ಸುಳ್ಳು ಬರೆಯುವ ಅಭ್ಯಾಸವಿಲ್ಲ. ವರದಿಯಲ್ಲಿ, 'ಬಲೆಯ ಟೊಪ್ಪಿಗೆ ಒಂದು, ಸದ್ಯ ಜೇನು ಕುಟುಂಬದ ವಶದಲ್ಲಿದೆ' ಎಂದೇ ಬರೆದೆ. ಒಂದು ತಿಂಗಳಿಗೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಸೋಮವಾರದ ಸಭೆಯಲ್ಲಿ, ಸರಿಯಾಗಿ ಹನ್ನೆರಡಕ್ಕೆ, ಎಲ್ಲರೂ ಬಂದ ಮೇಲೆ ಓದಿ ಹೇಳಿದೆ: 'ಸದರಿ ಟೊಪ್ಪಿಗೆಯಲ್ಲಿ ಎಷ್ಟು ಚೌಕಟ್ಟುಗಳು ಹಿಡಿಸುತ್ತವೆ ಎಂಬುದನ್ನು ತಿಳಿಸುವುದು. ಫಲಿತಾಂಶ ತೃಪ್ತಿಕರವಾಗಿದ್ದಲ್ಲಿ ಇತರ ತಾಲೂಕುಗಳಿಗೂ ಪೆಟ್ಟಿಗೆಯ ಬದಲು ಟೊಪ್ಪಿಗೆಗಳನ್ನೇ ಸರಬರಾಜು ಮಾಡುವ ಬಗ್ಗೆ ಅಭಿಪ್ರಾಯ ಕಳಿಸುವುದು.'

ಏನು ಉತ್ತರ ಬರೆಯಲಿ ಎಂದು ಎಲ್ಲರ ಮುಖ ನೋಡಿದೆ. ಅಕ್ಕ ಹೇಳಿದಳು:

"ಬರೀರಿ ಸಾಹೇಬ್ರ. ಆ ಟೊಪಗ್ಯಾಗ ಒಂದ ಚೌಕಟ್ಟು ಹಿಡಸ್ತೈತಿ, ಅದು ನಿಮ್ಮ ತಲಿ. ಭಾಳ ಬಿರುಸ ಐತಿ, ಆದ್ರ ನಮ್ಮ ಹುಳಾ ಹೊಂದ್ಕೊಂಡಾವು."